ಕಥೆಯಾಟದಲ್ಲಿ ಜಗಳವೂ ನೆರವೂ

ಪಾತ್ರಾಭಿನಯದ ಮೇಜಿನಾಟವೆಂದರೆ, ಪ್ರತಿಯೊಬ್ಬ ಆಟಗಾರನೂ ಒಂದು ಪಾತ್ರ ವಹಿಸಿ, ನಿರೂಪಕನು ಹೇಳುವ ಸನ್ನಿವೇಶದಲ್ಲಿ ಅದರ ನಡೆಯನ್ನು ನಿರ್ಧರಿಸಿ, ಫಲವನ್ನು ದಾಳದಿಂದ ತಿಳಿಯುವ ಆಟ. ಇದರ ಮೊದಲ ವಾಣಿಜ್ಯ ರೂಪವಾದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ 1974ರಲ್ಲಿ ಅಮೆರಿಕದಲ್ಲಿ ಹೊರಬಂದಿತು.

ನಾಲ್ವರ ಪಗಡೆಯಲ್ಲಿ ಎದುರುಬದುರು ಕುಳಿತವರು ಜೊತೆಗಾರರಾದರೆ, ಇಲ್ಲಿ ಸಾಮಾನ್ಯವಾಗಿ ಎಲ್ಲ ಆಟಗಾರರೂ ಒಂದೇ ಪಕ್ಷದವರು. ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಟದ 2014ರ ಐದನೆಯ ಆವೃತ್ತಿಯ ‘ನೆರವು’ ಎಂಬ ನಡೆಯಲ್ಲಿ, ಒಬ್ಬನು ತನ್ನ ಸರದಿಯ ಕ್ರಿಯೆಯನ್ನು ಬಿಟ್ಟುಕೊಟ್ಟರೆ, ಸಂಗಾತಿಯು ಇಪ್ಪತ್ತು ಮುಖದ ದಾಳವನ್ನು ಎರಡು ಸಲ ಉರುಳಿಸಿ ಹೆಚ್ಚಿನ ಅಂಕಿಯನ್ನು ಉಳಿಸಿಕೊಳ್ಳುತ್ತಾನೆ. 11 ಅಥವಾ ಅದಕ್ಕಿಂತ ಹೆಚ್ಚು ಬೀಳಬೇಕಾದಾಗ ಗೆಲುವಿನ ಸಾಧ್ಯತೆ ಶೇ. 50ರಿಂದ ಶೇ. 75ಕ್ಕೇರುತ್ತದೆ.

ಹುಬ್ಬಳ್ಳಿಯ ಗೋಕುಲ ರಸ್ತೆಯ ಮನೆಯೊಂದರಲ್ಲಿ ರವಿವಾರ ಇಂಥ ಆಟ ಕೂಡಿಸಬಯಸುವ ಗೆಳೆಯರು ಮೊದಲು ಅರಿಯಬೇಕಾದುದು, ಪಾತ್ರಗಳ ಜಗಳ ಬೇರೆ, ಆಟಗಾರರ ಮನಸ್ತಾಪ ಬೇರೆ ಎಂಬುದನ್ನು. ಸೆರೆಸಿಕ್ಕ ಕಳ್ಳನನ್ನು ಶಿಕ್ಷಿಸಬೇಕೆಂದು ಒಂದು ಪಾತ್ರ, ಬಿಟ್ಟುಬಿಡಬೇಕೆಂದು ಇನ್ನೊಂದು ಪಾತ್ರ ಹಟ ಹಿಡಿದರೆ ಕಥೆಗೆ ಕಳೆ ಬರುತ್ತದೆ. ಆದರೆ ಆಟಗಾರರ ದನಿ ಏರಿ, ಯಾರದಾದರೂ ಮುಖ ಬಾಡಿದರೆ, ನಿರೂಪಕನು ಆಟ ನಿಲ್ಲಿಸಿ, ಚಹಾದ ಬಿಡುವು ಕೊಟ್ಟು, ಪ್ರತಿಯೊಬ್ಬರ ಬಯಕೆಯನ್ನೂ ಕೇಳಿ, ಎಲ್ಲರೂ ಒಪ್ಪುವ ದಾರಿಯನ್ನು ಹುಡುಕಬೇಕು, ಏಕೆಂದರೆ ಮನಸ್ಸಿನ ನೋವನ್ನು ದಾಳ ಬಗೆಹರಿಸದು.

ಯಾವ ವಿಷಯ ಕಥೆಯಲ್ಲಿ ಬೇಡ, ಒಂದು ಪಾತ್ರ ಇನ್ನೊಂದರಿಂದ ಕದಿಯಬಹುದೇ ಎಂಬುದನ್ನು ಆಟಕ್ಕೆ ಮುನ್ನವೇ ಮಾತಾಡಿಕೊಳ್ಳುವ ಕೂಟಕ್ಕೆ ‘ಸೆಷನ್ ಝೀರೋ’ ಎನ್ನುತ್ತಾರೆ. ಹೊಸದಾಗಿ ಆಟ ಕೂಡಿಸುವವರೆಲ್ಲರೂ ಮೊದಲ ದಿನವನ್ನು ಈ ಮಾತುಕತೆಗೇ ಮೀಸಲಿಡಲಿ.