ಗುಳಿಗೆಯ ಮೇಲೇಕೆ ಗೂಬೆ?

ಮೆಡಿಕಲ್ ಶಾಪಿನಲ್ಲಿ ಕಾಂಡೋಮ್ ಕೇಳಿ ನೋಡಿ. ಹಳೇ ಪೇಪರಿನಲ್ಲಿ ಸುತ್ತಿ, ಕಪ್ಪು ಕವರಿಗೆ ಹಾಕಿ, ಮುಖ ನೋಡದೆ ಕೊಡುತ್ತಾರೆ. ಜ್ವರದ ಮಾತ್ರೆಗಿಲ್ಲದ ಮಡಿ ಇದಕ್ಕೆ!

ತಪ್ಪು ಕಲ್ಪನೆ: ಇಂಥವೆಲ್ಲ ಪಶ್ಚಿಮದಿಂದ ಬಂದವು, ಬಂದ ಮೇಲೆಯೇ ಜನ ಕೆಟ್ಟರು.

ಸತ್ಯ: ಅಮೆರಿಕದಲ್ಲಿ ಗರ್ಭನಿರೋಧಕ ಗುಳಿಗೆಗೆ ಒಪ್ಪಿಗೆ ಸಿಕ್ಕಿದ್ದು 1960ರಲ್ಲಿ. ಅದಕ್ಕೂ 30 ವರ್ಷ ಮೊದಲೇ ಮೈಸೂರು ಸಂಸ್ಥಾನ ತನ್ನ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಕ್ಲಿನಿಕ್ ತೆರೆಯಲು ಆದೇಶಿಸಿತ್ತು. ಆಳುತ್ತಿದ್ದವರು ನಾಲ್ವಡಿ ಕೃಷ್ಣರಾಜ ಒಡೆಯರು. ಗಾಂಧೀಜಿಯಿಂದಲೇ ರಾಜರ್ಷಿ ಎನಿಸಿಕೊಂಡವರು. ತಮಾಷೆಯೆಂದರೆ, ಅದೇ ಗಾಂಧೀಜಿ 1935ರಲ್ಲಿ ವಾರ್ಧಾಕ್ಕೆ ಬಂದ ಸಂತಾನ ನಿಯಂತ್ರಣದ ಹೋರಾಟಗಾರ್ತಿ ಮಾರ್ಗರೆಟ್ ಸ್ಯಾಂಗರ್ ಎಷ್ಟು ವಾದಿಸಿದರೂ ಕೃತಕ ಸಾಧನಗಳನ್ನು ಒಪ್ಪಲಿಲ್ಲ. ಭೋಗ ಹೆಚ್ಚುತ್ತದೆ ಎಂಬುದೇ ಅವರ ಆತಂಕ.

ಆದರೆ ಗುಳಿಗೆ ಬರುವ ಏಳು ವರ್ಷ ಮೊದಲು, ಹೆಂಗಸರ ಲೈಂಗಿಕ ನಡವಳಿಕೆ ಕುರಿತ 1953ರ ಕಿನ್ಸೆ ವರದಿಗಾಗಿ ಮಾತಾಡಿದ ಅಮೆರಿಕದ ವಿವಾಹಿತೆಯರಲ್ಲಿ ಸುಮಾರು ಅರ್ಧದಷ್ಟು ಮಂದಿ ಮದುವೆಗೆ ಮುಂಚೆಯೇ ಕೂಡಿದ್ದುಂಟು ಎಂದಿದ್ದರು. ನಮ್ಮಲ್ಲೂ ರೂಢಿ ಬದಲಾಗಿದೆ, ಇಲ್ಲವೆನ್ನುವುದಿಲ್ಲ. ಮದುವೆಯ ವಯಸ್ಸು ಏರಿದೆ, ಓದಿಗೆ, ಕೆಲಸಕ್ಕೆಂದು ಹುಡುಗಿಯರು ಊರು ಬಿಟ್ಟಿದ್ದಾರೆ. ಅದನ್ನು ಔಷಧಿ ಅಂಗಡಿಯ ಕಪಾಟಿನ ತಲೆಗೆ ಕಟ್ಟುವುದು ಸರಿಯಲ್ಲ.

ತಪ್ಪು ಕಲ್ಪನೆ: ಇವು ಬೇಕಾಗುವುದು ದಾರಿ ತಪ್ಪಿದವರಿಗೆ.

ಸತ್ಯ: 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ತೆಗೆದು ನೋಡಿ. ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ವಿವಾಹಿತೆಯರಲ್ಲಿ ಶೇ. 57ರಷ್ಟು ಮಂದಿ ಮಕ್ಕಳಾಗದಂತೆ ಆಪರೇಷನ್ ಮಾಡಿಸಿಕೊಂಡವರು. ಎಲ್ಲರೂ ಸಂಸಾರಸ್ಥರು. ಆಪರೇಷನ್ ಮಾಡಿಸಿಕೊಂಡ ಗಂಡಸರು? ಲೆಕ್ಕಕ್ಕೇ ಸಿಗುವುದಿಲ್ಲ. ಹೊಲಿಗೆಯೂ ಬೇಡದ, ಕೆಲವೇ ನಿಮಿಷದ ಕೆಲಸ ಅದು. ಗಂಡಸುತನಕ್ಕೆ ಏನೂ ಆಗುವುದಿಲ್ಲ. ಆದರೂ ನಮ್ಮಲ್ಲಿ ಶೀಲದ ಪ್ರಶ್ನೆಯೂ ಹೆಣ್ಣಿಗೆ, ಕತ್ತರಿಯೂ ಹೆಣ್ಣಿಗೆ.

ತಪ್ಪು ಕಲ್ಪನೆ: 72 ಗಂಟೆಯೊಳಗೆ ನುಂಗುವ ತುರ್ತು ಮಾತ್ರೆ ಗರ್ಭಪಾತ ಮಾಡಿಸುತ್ತದೆ.

ಸತ್ಯ: ಅಂಡ ಬಿಡುಗಡೆಯಾಗುವುದನ್ನು ಅದು ಮುಂದೂಡುತ್ತದೆ, ಅಷ್ಟೆ. ಗರ್ಭ ನಿಂತ ಮೇಲೆ ಕೆಲಸ ಮಾಡದು. ಲೈಂಗಿಕ ಸೋಂಕಿಗೂ ಅದು ತಡೆಯಲ್ಲ. ಅದಕ್ಕೆ ಕಾಂಡೋಮೇ ಬೇಕು.

ತಪ್ಪು ಕಲ್ಪನೆ: ತಾಳಿ ಇಲ್ಲದವಳು ಗರ್ಭಪಾತಕ್ಕೆಂದು ಆಸ್ಪತ್ರೆ ಮೆಟ್ಟಿಲು ಹತ್ತುವಂತಿಲ್ಲ.

ಸತ್ಯ: ಗರ್ಭಪಾತದ ಕಾನೂನಿಗೆ ಬಂದ 2021ರ ತಿದ್ದುಪಡಿ ‘ಗಂಡ’ ಎಂದಿದ್ದ ಕಡೆ ‘ಸಂಗಾತಿ’ ಎಂದು ಬರೆಯಿತು. 2022ರ ಸೆಪ್ಟೆಂಬರ್ 29ರಂದು ಸುಪ್ರೀಂ ಕೋರ್ಟ್, ಕಾನೂನು ಕೊಡುವ ಅವಕಾಶದಲ್ಲಿ ವಿವಾಹಿತೆ, ಅವಿವಾಹಿತೆ ಎಂಬ ಭೇದ ಸಲ್ಲದೆಂದಿತು. 18 ದಾಟಿದ್ದರೆ ಅವಳ ಒಪ್ಪಿಗೆಯೊಂದೇ ಸಾಕು. ಗಂಡನದ್ದೋ ಅಪ್ಪನದ್ದೋ ಸಹಿ ತರಲು ಯಾರಾದರೂ ಹೇಳಿದರೆ, ಯಾವ ಕಾನೂನಿನಲ್ಲಿದೆ ತೋರಿಸಿ ಎಂದು ಕೇಳಿ.