ವೀರಸೇನರ ಲೋಕಾಕಾರ: 343 ಘನರಜ್ಜುಗಳ ಲೆಕ್ಕ

ಪ್ರಾಚೀನ ಕನ್ನಡದ ಜೈನಕಾವ್ಯಗಳನ್ನು ಅಭ್ಯಸಿಸುವವರಿಗೆ ಲೋಕವರ್ಣನೆ ಪರಿಚಿತವಾದುದೇ. ಆದರೆ ಅದನ್ನು ಕವಿಸಮಯವೆಂದು ಭಾವಿಸಿ ದಾಟಿಹೋಗುವುದುಂಟು. ಆ ವರ್ಣನೆಯ ಹಿಂದೆ ಖಚಿತವಾದ ಕ್ಷೇತ್ರಗಣಿತವಿದೆ ಎಂಬುದನ್ನು ಒಂದು ನಿದರ್ಶನದಿಂದ ತೋರಿಸುವುದು ಈ ಟಿಪ್ಪಣಿಯ ಉದ್ದೇಶ.

ಜೈನಮತದಂತೆ ಆಕಾಶ ಅನಂತ. ಜೀವಾದಿ ದ್ರವ್ಯಗಳು ನೆಲೆಸಿರುವ ಅದರ ಭಾಗವಾದ ಲೋಕ ಮಾತ್ರ ಪರಿಮಿತ. ಲೋಕದ ಎತ್ತರ 14 ರಜ್ಜು. ಅಗಲ ತಳದಲ್ಲಿ 7, ನಡುವಣ ಮಧ್ಯಲೋಕದಲ್ಲಿ 1, ಅಲ್ಲಿಂದ ಮೂರೂವರೆ ರಜ್ಜು ಮೇಲೆ 5, ತುದಿಯಲ್ಲಿ ಮತ್ತೆ 1. ಕಾಲಗಲಿಸಿ, ಸೊಂಟದ ಮೇಲೆ ಕೈಯಿರಿಸಿ ನಿಂತ ಪುರುಷನ ಆಕೃತಿಯಿದು. ಆದರೆ ಇವೆಲ್ಲ ಎದುರಿನಿಂದ ಕಾಣುವ ಅಗಲಗಳು. ಲೋಕದ ದಪ್ಪವೆಷ್ಟು?

ಲೋಕವು ಮೃದಂಗದಂತೆ ದುಂಡಗಿದೆ ಎಂದು ತಿಳಿದವರಿದ್ದರು. ರಾಷ್ಟ್ರಕೂಟರ ಕಾಲದಲ್ಲಿ ಷಟ್ಖಂಡಾಗಮಕ್ಕೆ ‘ಧವಲಾ’ ಟೀಕೆಯನ್ನು ರಚಿಸಿದ ವೀರಸೇನರು ಆ ದುಂಡು ಆಕೃತಿಯನ್ನು ಭಾಗಗಳಾಗಿ ಛೇದಿಸಿ ಅಳೆದರು. ಬಂದ ಘನಫಲ ಸುಮಾರು 164 ಘನರಜ್ಜು. ಪರಂಪರೆ ಹೇಳುವುದಾದರೋ 7ರ ಘನ, ಅಂದರೆ 343. ಎರಡೂ ಹೊಂದಲಿಲ್ಲವಾಗಿ ಅವರು ಮೃದಂಗಾಕಾರವನ್ನು ಕೈಬಿಟ್ಟು, ಉತ್ತರದಕ್ಷಿಣವಾಗಿ ಲೋಕದ ದಪ್ಪ ಎಲ್ಲೆಡೆಯೂ 7 ರಜ್ಜುವೆಂದು ನಿರ್ಣಯಿಸಿದರು.

ಇದನ್ನು ನಾವೂ ಪರೀಕ್ಷಿಸಬಹುದು. ಅಧೋಲೋಕದ ಸರಾಸರಿ ಅಗಲ 4, ಎತ್ತರ 7, ದಪ್ಪ 7: ಗುಣಲಬ್ಧ 196. ಊರ್ಧ್ವಲೋಕದ ಸರಾಸರಿ ಅಗಲ 3, ಎತ್ತರ 7, ದಪ್ಪ 7: ಗುಣಲಬ್ಧ 147. ಒಟ್ಟು 343.

ಈ ದಪ್ಪವನ್ನು ಸೂತ್ರವು ವಿಧಿಸಿಯೂ ಇಲ್ಲ, ನಿಷೇಧಿಸಿಯೂ ಇಲ್ಲ ಎಂದು ವೀರಸೇನರು ಮುಚ್ಚುಮರೆಯಿಲ್ಲದೆ ಒಪ್ಪಿಕೊಳ್ಳುತ್ತಾರೆ. ಶಾಸ್ತ್ರ ಮೌನವಾಗಿರುವಲ್ಲಿ ಗಣಿತವನ್ನು ಪ್ರಮಾಣವಾಗಿ ಹಿಡಿದುದು ಗಮನಾರ್ಹ. ಇದರಲ್ಲಿ ಇಂದಿನ ವಿಶ್ವವಿಜ್ಞಾನವನ್ನು ಅರಸುವುದು ಸಲ್ಲದು. ಬೆಲೆಯಿರುವುದು ಆ ವಿಚಾರಕ್ರಮಕ್ಕೆ. ಹತ್ತನೆಯ ಶತಮಾನದ ನೇಮಿಚಂದ್ರರ ‘ತ್ರಿಲೋಕಸಾರ’ದಲ್ಲಿಯೂ ಇದೇ 343 ನೆಲೆನಿಂತಿದೆ.

ಕರ್ನಾಟಕದ ಹೊರಗಿರುವ ಸಂಶೋಧಕರಿಗೆ ಇಲ್ಲೊಂದು ಹೊಣೆಯಿದೆ. ಧವಲೆಯ ಭಾಷೆ ಸಂಸ್ಕೃತಮಿಶ್ರ ಪ್ರಾಕೃತ. ಆದರೆ ಅದನ್ನು ಉಳಿಸಿಕೊಟ್ಟದ್ದು ಮೂಡಬಿದಿರೆಯ ಹಳಗನ್ನಡ ಲಿಪಿಯ ತಾಳೆಗರಿಗಳು. 1939ರಿಂದ ಹೀರಾಲಾಲ್ ಜೈನ್ ಅವರ ಸಂಪಾದಕತ್ವದಲ್ಲಿ ನಾಗರಿಯಲ್ಲಿ ಅಚ್ಚಾದ ಸಂಪುಟಗಳಿಗೆ ಮೂಲ ಆ ಗರಿಗಳೇ. ಲಿಪ್ಯಂತರದಲ್ಲಿ ಪದ ತಪ್ಪಿದರೆ ವ್ಯಾಕರಣ ಎಚ್ಚರಿಸೀತು. ಅಂಕಿ ತಪ್ಪಿದರೆ ಎಚ್ಚರಿಸುವುದು ಲೆಕ್ಕವೊಂದೇ. ಇಂಥ ಭಾಗಗಳಲ್ಲಿ ಪಾಠವನ್ನು ನಿರ್ಧರಿಸುವ ಮುನ್ನ ವೀರಸೇನರಂತೆ ಒಮ್ಮೆ ಲೆಕ್ಕ ಹಾಕಿ ನೋಡುವುದು ಉಚಿತ.