ಕನ್ನಡ ಫಲಕ: ವಿನೈಲ್ ಕತ್ತರಿಸುವ ಮುನ್ನ

ನಾಮಫಲಕಗಳಲ್ಲಿ ಶೇ. 60ರಷ್ಟು ಕನ್ನಡ ಕಡ್ಡಾಯವೆಂಬ 2024ರ ತಿದ್ದುಪಡಿ ಕಾಯ್ದೆಯ ತರುವಾಯ ಫಲಕ ಬದಲಿಸುವ ವರ್ತಕರು, ವಿನ್ಯಾಸದ ಕಡತವನ್ನು ತಾವೂ ಒಮ್ಮೆ ಪರಿಶೀಲಿಸುವುದು ಒಳಿತು. ಲೆಟರ್‌ಹೆಡ್‌ನಿಂದ ಸ್ಕ್ಯಾನ್ ಮಾಡಿದ ಜೆಪೆಗ್ ಚಿತ್ರ ಸಾಲದು. ವಿನೈಲ್ ಪ್ಲಾಟರಿನ ಅಲಗು ಬಣ್ಣವನ್ನು ಅರಿಯದು. ರೇಖೆಯ ಪಥವನ್ನಷ್ಟೇ ಅನುಸರಿಸುತ್ತದೆ. ಆದುದರಿಂದ ಚಿತ್ರವು ವೆಕ್ಟರ್ ರೂಪದಲ್ಲಿರಬೇಕು. ಸ್ವಯಂಚಾಲಿತ ಟ್ರೇಸಿಂಗ್ ನೆಚ್ಚಿದರೆ ಅನಗತ್ಯ ಬಿಂದುಗಳು ಸೇರಿ ಅಂಚು ಗರಗಸದ ಹಲ್ಲಿನಂತಾಗುವುದುಂಟು. ಸರಳ ಚಿಹ್ನೆಯನ್ನು ಕೈಯಿಂದಲೇ ಪುನಃ ಬಿಡಿಸುವುದು ಮೇಲು.

ಕನ್ನಡ ಲಿಪಿಗೆ ಇನ್ನೊಂದು ತೊಡಕುಂಟು. ಹಲವು ಫಾಂಟುಗಳಲ್ಲಿ ಅಕ್ಷರವೂ ಅದರ ಗುಣಿತ ಚಿಹ್ನೆಯೂ ಪ್ರತ್ಯೇಕ ಆಕೃತಿಗಳಾಗಿದ್ದು, ಒಂದರ ಮೇಲೊಂದು ಹಾಯ್ದಿರುತ್ತವೆ. ಪರದೆಯ ಮೇಲೆ ಒಂದಾಗಿ ಕಂಡರೂ ಅಲಗು ಎರಡರ ಅಂಚನ್ನೂ ಕೊರೆಯುತ್ತದೆ. ಅಕ್ಷರದ ಮಧ್ಯದಲ್ಲೇ ಸೀಳು ಬೀಳುತ್ತದೆ, ವಿನೈಲ್ ವ್ಯರ್ಥ. ಆದ್ದರಿಂದ ಪಠ್ಯವನ್ನು ಮೊದಲು ಕರ್ವ್‌ಗೆ ಪರಿವರ್ತಿಸಿ, ಅನಂತರ ಕೋರೆಲ್‌ಡ್ರಾದ ‘ವೆಲ್ಡ್’ ಆಜ್ಞೆಯಿಂದ ಬೆಸೆಯತಕ್ಕದ್ದು. ಕರ್ವ್ ಮಾಡಿದ ಮೇಲೆ ಕತ್ತರಿಸುವವರ ಗಣಕದಲ್ಲಿ ಆ ಫಾಂಟ್ ಇಲ್ಲದಿದ್ದರೂ ಬಾಧಕವಿಲ್ಲ.

ದಪ್ಪ ಗೆರೆಗಳನ್ನೂ ಆಕೃತಿಯಾಗಿ ಮಾರ್ಪಡಿಸಬೇಕು. ಇಲ್ಲವಾದರೆ ಅಲಗು ನಡುವೆ ಒಂದೇ ಗೀರು ಎಳೆದು ಮುಗಿಸುತ್ತದೆ. ಗಾಜಿನ ಒಳಮಗ್ಗುಲಿಗೆ ಅಂಟಿಸಿ ಹೊರಗಿನಿಂದ ಓದಬೇಕಾದ ಬರಹವನ್ನು ಕನ್ನಡಿಯ ಬಿಂಬದಂತೆ ತಿರುಗಿಸತಕ್ಕದ್ದು. ಕಡತ ಒಪ್ಪಿಸುವ ಮುನ್ನ ‘ವೈರ್‌ಫ್ರೇಮ್’ ನೋಟದಲ್ಲಿ ತೆರೆದು ನೋಡಿರಿ: ಬೆಸೆಯದೆ ಉಳಿದ ಅಕ್ಷರಗಳೆಲ್ಲ ಅಲ್ಲಿ ಕಾಣಸಿಗುತ್ತವೆ.